ಹಿಂದೆ ಕೂರುವವರನ್ನು ಮುಂದಿಟ್ಟುಕೊಂಡು ಸ್ಕೂಟರ್ ಆರಿಸುವುದು ಹೇಗೆ?

ಸ್ಕೂಟರ್ ಕೊಳ್ಳಲು ಇಬ್ಬರು ಹೋಗುತ್ತಾರೆ, ಒಬ್ಬರಿಗಾಗಿ ಕೊಂಡು ಬರುತ್ತಾರೆ. ಓಡಿಸುವವರು ಹ್ಯಾಂಡಲ್ ಹಿಡಿದು ನೋಡುತ್ತಾರೆ, ಮೈಲೇಜ್ ಕೇಳುತ್ತಾರೆ, ಮೀಟರಿಗೆ ಮೊಬೈಲ್ ಜೋಡಿಸಿ ಪರೀಕ್ಷಿಸುತ್ತಾರೆ. ಹಿಂದೆ ಕೂರುವವರ ಪಾಲಿಗೆ ಬರುವುದು ಬಣ್ಣ ಆರಿಸುವ ಹಕ್ಕು ಮಾತ್ರ. ಆಮೇಲೆ ವರ್ಷಗಟ್ಟಲೆ ಪ್ರತಿ ರಸ್ತೆ ಉಬ್ಬಿಗೂ ಹಾರಿ ಬೀಳುವವರು ಅವರೇ.

ಇಬ್ಬರ ಓಡಾಟಕ್ಕೇ ಗಾಡಿ ಬೇಕೆಂದಿದ್ದರೆ ಈ ಕ್ರಮ ತಲೆಕೆಳಗಾಗಬೇಕು. ಮೊದಲು ಹಿಂದಿನ ಸೀಟು, ಆಮೇಲೆ ಹಿಂದಿನ ಚಕ್ರ, ನಂತರ ಬ್ರೇಕು. ಎಂಜಿನ್‌ನ ಮಾತು ಕೊನೆಗೆ. ಮಧ್ಯಮ ಗಾತ್ರದ ಸ್ಕೂಟರ್ ಎಂದರೆ ಯುರೋಪಿನವರಿಗೆ 250ರಿಂದ 400 ಸಿಸಿಯ ದೊಡ್ಡ ಗಾಡಿ. ನಮ್ಮಲ್ಲಿ ಅದು 125 ಸಿಸಿ. ಸುಜುಕಿ ಆಕ್ಸೆಸ್, ಹೋಂಡಾ ಆಕ್ಟಿವಾ 125, ಟಿವಿಎಸ್ ಜುಪಿಟರ್ 125 ಮತ್ತು ಎನ್‌ಟಾರ್ಕ್, ಸುಜುಕಿ ಬರ್ಗ್‌ಮನ್ ಸ್ಟ್ರೀಟ್, ಯಮಹಾ ಫ್ಯಾಸಿನೊ, ಹೀರೊ ಡೆಸ್ಟಿನಿ ಇವೆಲ್ಲ ಆ ಸಾಲಿನವು. ವಿದ್ಯುತ್ ಸ್ಕೂಟರ್‌ಗಳಲ್ಲಿ ಏಥರ್ ರಿಜ್ಟಾ, ಟಿವಿಎಸ್ ಐಕ್ಯೂಬ್, ಬಜಾಜ್ ಚೇತಕ್ ಇದೇ ಕೆಲಸಕ್ಕೆ ಬರುತ್ತವೆ. ಹೋಂಡಾ ಕಂಪನಿಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಟಿವಿಎಸ್‌ಗೆ ಮೈಸೂರಿನ ಬಳಿ ಕಾರ್ಖಾನೆಗಳಿವೆ. ಏಥರ್ ಬೆಂಗಳೂರಿನ ಕಂಪನಿ. ಅಭಿಮಾನ ಇರಲಿ, ಆದರೆ ಅದರಿಂದ ಸೀಟು ಮೆತ್ತಗಾಗುವುದಿಲ್ಲ.

ಹೆಜ್ಜೆ 1: ಇಬ್ಬರೂ ತೂಕ ನೋಡಿಕೊಳ್ಳಿ

ಹೆಲ್ಮೆಟ್, ಷೂ, ದಿನವೂ ಒಯ್ಯುವ ಬ್ಯಾಗು ಸಮೇತ ಇಬ್ಬರೂ ತೂಕದ ಯಂತ್ರದ ಮೇಲೆ ನಿಲ್ಲಿ. ಓಡಿಸುವವರು 70 ಕೆಜಿ, ಹಿಂದಿನವರು 60 ಕೆಜಿ, ಬ್ಯಾಗು 8 ಕೆಜಿ ಎಂದಿಟ್ಟುಕೊಂಡರೆ ಒಟ್ಟು 138 ಕೆಜಿ. 125 ಸಿಸಿ ಸ್ಕೂಟರ್‌ಗಳು ತಾವೇ ತೂಗುವುದು ಸುಮಾರು 99ರಿಂದ 118 ಕೆಜಿ. ಫ್ಯಾಸಿನೊ ಹಗುರದ ತುದಿಯಲ್ಲಿದೆ, ಎನ್‌ಟಾರ್ಕ್ ಭಾರದ ತುದಿಯಲ್ಲಿ. ಅಂದರೆ ಹೊರುವ ಗಾಡಿಗಿಂತ ಅದರ ಮೇಲಿನ ಹೊರೆಯೇ ಹೆಚ್ಚು.

ಲೆಕ್ಕವನ್ನು ಇನ್ನಷ್ಟು ಬಿಡಿಸಿ ನೋಡಿ. 107 ಕೆಜಿಯ ಸ್ಕೂಟರನ್ನು 70 ಕೆಜಿಯ ಒಬ್ಬರು ಓಡಿಸಿದರೆ ಚಲಿಸುವ ತೂಕ 177 ಕೆಜಿ. ಹಿಂದೆ ಒಬ್ಬರು ಕೂತು, ಬ್ಯಾಗೂ ಸೇರಿದರೆ 245 ಕೆಜಿ. ಶೇ 38ರಷ್ಟು ಹೆಚ್ಚಳ. ಅದನ್ನು ಎಳೆಯಲು ಇರುವುದು ಅದೇ ಎಂಜಿನ್, ಹೊರಲು ಅದೇ ಸ್ಪ್ರಿಂಗ್, ನಿಲ್ಲಿಸಲು ಅದೇ ಬ್ರೇಕು. ಒಬ್ಬರೇ ಓಡಿಸಿ ನೋಡಿ ‘ಗಾಡಿ ಚೆನ್ನಾಗಿದೆ’ ಎಂದರೆ ಆ ಮಾತು ಬೇರೊಂದು ಗಾಡಿಗೆ ಹೇಳಿದ ಹಾಗೆ.

ಮಾಲೀಕರ ಕೈಪಿಡಿಯಲ್ಲಿ ಗರಿಷ್ಠ ಹೊರೆ ಎಷ್ಟೆಂದು ಬರೆದಿರುತ್ತದೆ. ಹಲವು ಸ್ಕೂಟರ್‌ಗಳಲ್ಲಿ ಅದು 130 ಕೆಜಿಯ ಆಸುಪಾಸಿನಲ್ಲೇ ಇರುತ್ತದೆ. ಷೋರೂಮಿನಲ್ಲಿ ಕೈಪಿಡಿ ಕೇಳಿ ತೆರೆಸಿ ನೋಡಿ, ನಿಮ್ಮ ತೂಕದೊಂದಿಗೆ ಹೋಲಿಸಿ. ಹೀಗೆ ಕೇಳುವವರು ಅಪರೂಪವಾದ್ದರಿಂದ ಸ್ವಲ್ಪ ವಿಚಿತ್ರವಾಗಿ ನೋಡಬಹುದು, ನೋಡಲಿ ಬಿಡಿ.

ಇದೇ ಹೊತ್ತಿಗೆ ಇನ್ನೊಂದು ವಿಷಯವನ್ನೂ ತೀರ್ಮಾನಿಸಿಕೊಳ್ಳಿ. ಗಂಡ, ಹೆಂಡತಿ, ನಡುವೆ ಮಗು, ಮುಂದೆ ನಿಂತ ಇನ್ನೊಂದು ಮಗು ಎಂಬ ಲೆಕ್ಕದಲ್ಲಿ ಸ್ಕೂಟರ್ ಹುಡುಕುತ್ತಿದ್ದರೆ ಅಂಥ ಸ್ಕೂಟರ್ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಂ ಪ್ರಕಾರ ಸವಾರರ ಹೊರತಾಗಿ ಒಬ್ಬರಿಗಷ್ಟೇ ಅವಕಾಶ. ಆ ಒಬ್ಬರು ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಾದರೆ ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿ, ತಲೆಗೆ ಸರಿಹೊಂದುವ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಇವೆಲ್ಲ 2023ರ ಫೆಬ್ರುವರಿಯಿಂದ ನಿಯಮದಲ್ಲಿವೆ.

ಹೆಜ್ಜೆ 2: ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ಬರೆದಿಡಿ

ಊರೊಳಗಿನ ಓಡಾಟವೇ ಹೆಚ್ಚಾದರೆ ಹತ್ತುವುದು, ಇಳಿಯುವುದು, ಉಬ್ಬು ದಾಟುವುದು, ಸಿಗ್ನಲ್‌ನಲ್ಲಿ ಕಾಲೂರಿ ನಿಲ್ಲುವುದು ಮುಖ್ಯವಾಗುತ್ತದೆ. ತಿಂಗಳಿಗೊಮ್ಮೆ ಅರವತ್ತು ಕಿಲೋಮೀಟರ್ ದೂರದ ಊರಿಗೆ ಹೋಗುವವರಿಗೆ ಸೀಟಿನ ಫೋಮು, ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವ ಶಕ್ತಿ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನವರಿಗೆ ಬ್ರೇಕಿನ ಮಾತೇ ಮೊದಲು. ಬೆಂಗಳೂರು–ಮೈಸೂರು ನಡುವೆ ಸ್ಕೂಟರಿನಲ್ಲಿ ಓಡಾಡುವ ಯೋಚನೆಯಿದ್ದರೆ ನೆನಪಿರಲಿ, 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ನೂರರ ವೇಗದ ಲೆಕ್ಕಕ್ಕಿಂತ ಗುಂಡಿ, ಉಬ್ಬುಗಳ ಲೆಕ್ಕ ಇಲ್ಲಿಯೂ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಹೆಜ್ಜೆ 3: ಸೀಟಿನ ಪರೀಕ್ಷೆ

ಷೋರೂಮಿಗೆ ಹೋಗುವಾಗ ದರ್ಜಿಯ ಟೇಪು ಜೇಬಿನಲ್ಲಿರಲಿ. ಹಿಂದೆ ಕೂರುವವರು ನಿತ್ಯ ತೊಡುವ ಬಟ್ಟೆಯಲ್ಲೇ ಬರಲಿ: ಸೀರೆಯಾದರೆ ಸೀರೆ, ಚೂಡಿದಾರವಾದರೆ ಚೂಡಿದಾರ. ತಮ್ಮ ಹೆಲ್ಮೆಟನ್ನೂ ತರಲಿ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಿಂದ ಇಳಿಸಿ. ಸ್ಟ್ಯಾಂಡಿನ ಮೇಲೆ ನಿಂತ ಸ್ಕೂಟರಿನಲ್ಲಿ ಕೂತು ನೋಡುವುದರಿಂದ ಏನೂ ತಿಳಿಯುವುದಿಲ್ಲ, ಎತ್ತರವೂ ಸುಳ್ಳು, ಸ್ಪ್ರಿಂಗೂ ಸುಳ್ಳು. ಓಡಿಸುವವರು ಕೂತು ಎರಡೂ ಪಾದ ನೆಲಕ್ಕೂರಲಿ. ಆಮೇಲೆ ಹಿಂದಿನವರು ಹತ್ತಲಿ. ಹತ್ತುವಾಗ ಗಾಡಿ ಎಷ್ಟು ವಾಲುತ್ತದೆ, ಓಡಿಸುವವರ ಕಾಲಿಗೆ ಎಷ್ಟು ಭಾರ ಬೀಳುತ್ತದೆ ಎಂಬುದೇ ಮೊದಲ ಅಂಕ. ಒಬ್ಬರೇ ಇದ್ದಾಗ ಕಾಲ್ಬೆರಳು ತಾಗಿದರೆ ನಡೆಯುತ್ತದೆ. ಹಿಂದೆ 60 ಕೆಜಿ ಅಲುಗಾಡುತ್ತಿದ್ದಾಗ, ಸಿಗ್ನಲ್‌ನ ಪಕ್ಕ ಮರಳು ಬಿದ್ದಿದ್ದಾಗ, ಹಿಮ್ಮಡಿಯೂ ನೆಲ ತಾಗಿರಲೇಬೇಕು. ಜುಪಿಟರ್ 125ರ ಸೀಟಿನ ಎತ್ತರ 765 ಮಿಲಿಮೀಟರ್, ಆಕ್ಸೆಸ್‌ದು 773, ರಿಜ್ಟಾದ್ದು 780, ಯಮಹಾ ಏರಾಕ್ಸ್ 155ರದ್ದು 790. ಕಾಗದದ ಮೇಲೆ ಎರಡೂವರೆ ಸೆಂಟಿಮೀಟರ್‌ ವ್ಯತ್ಯಾಸ. ಐದಡಿ ಎರಡಂಗುಲ ಎತ್ತರದವರಿಗೆ ಅದು ದೊಡ್ಡ ವ್ಯತ್ಯಾಸವೇ. ಸೀಟಿನ ಅಗಲವನ್ನೂ ಮರೆಯಬೇಡಿ. ಮೂತಿ ಅಗಲವಾದ ಸೀಟು ತೊಡೆಗಳನ್ನು ದೂರ ತಳ್ಳಿ, ಇರುವ ಎತ್ತರಕ್ಕೆ ಇನ್ನಷ್ಟು ಸೇರಿಸುತ್ತದೆ.

ಈಗ ಟೇಪು ತೆಗೆಯಿರಿ. ಸೀಟಿನ ಒಟ್ಟು ಉದ್ದ 125 ಸಿಸಿ ಸ್ಕೂಟರ್‌ಗಳಲ್ಲಿ 700 ಮಿಲಿಮೀಟರ್ ಆಸುಪಾಸಿನಿಂದ ಮೊದಲಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ ರಿಜ್ಟಾ 900ಕ್ಕೆ ಹೋಗಿದೆ. ಒಟ್ಟು ಉದ್ದಕ್ಕಿಂತ ಮುಖ್ಯವಾದದ್ದು ಓಡಿಸುವವರು ಸಹಜವಾಗಿ ಕೂತ ಮೇಲೆ ಅವರ ಬೆನ್ನಿನಿಂದ ಸೀಟಿನ ಹಿಂದಿನ ಹಿಡಿಕೆಯವರೆಗೆ ಎಷ್ಟು ಉಳಿಯಿತು ಎಂಬುದು. ಅದನ್ನು ಅಳೆಯಿರಿ. ಹಿಂದಿನವರು ಕೂತಾಗ ಬೆನ್ನುಮೂಳೆಯ ತುದಿ ಫೋಮಿನ ಮೇಲಿದೆಯೇ, ಸೀಟಿನಂಚಿನ ಗಟ್ಟಿ ಜಾಗಕ್ಕೆ ಬಂದಿದೆಯೇ ನೋಡಿ. ಹೆಲ್ಮೆಟ್ ಹಾಕಿಕೊಂಡು ಕೂತು, ಮುಂದಿನವರು ಬ್ರೇಕ್ ಹಾಕಿದ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿ. ಹೆಲ್ಮೆಟ್‌ಗಳು ಟಕ್ಕೆಂದು ತಾಗಿದರೆ ಇಡೀ ಪ್ರಯಾಣ ಆ ಸದ್ದಿನಲ್ಲೇ ಮುಗಿಯುತ್ತದೆ.

ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಪ್ರತಿ ಬ್ರೇಕಿಗೂ ಹಿಂದಿನವರು ಜಾರಿ ಮುಂದಿನವರಿಗೆ ಒರಗುತ್ತಾರೆ. ಹೊಸದಾಗಿ ಮದುವೆಯಾದವರಿಗೆ ಇದು ದೂರಾಗಿ ಕಾಣಲಿಕ್ಕಿಲ್ಲ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರಿಗೆ ದೊಡ್ಡ ದೂರು. ಸಪಾಟಾದ ಸೀಟೇ ಒಳ್ಳೆಯದು. ತೀರಾ ಮೆತ್ತನೆಯ ಫೋಮಿಗೆ ಮೋಸಹೋಗಬೇಡಿ. ಕೂತ ಎರಡು ನಿಮಿಷ ಸುಖ, ಇಪ್ಪತ್ತನೇ ನಿಮಿಷಕ್ಕೆ ತಳದ ಪ್ಲಾಸ್ಟಿಕ್ ಸಿಗುತ್ತದೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ತಳ ಬೇಗ ತಾಗಿದರೆ ಅನುಮಾನಿಸಿ.

ಹಿಡಿಕೆಯ ವಿಷಯದಲ್ಲಿ ಹೊಳಪಿಗೆ ಬೆಲೆಯಿಲ್ಲ. ಕೈ ಹಿಂದಕ್ಕೆ ಚಾಚಿದಾಗ ನಾಲ್ಕೂ ಬೆರಳು ಸುತ್ತಿ ಹಿಡಿಯಲು ಆಗಬೇಕು. ವಿನ್ಯಾಸಕ್ಕೆಂದು ಚೂಪಾಗಿ ಮಡಿಸಿದ ಹಿಡಿಕೆಗಳು ಹತ್ತು ನಿಮಿಷಕ್ಕೆ ಅಂಗೈಯಲ್ಲಿ ಗೆರೆ ಮೂಡಿಸುತ್ತವೆ. ಕಾಲಿಡುವ ಪೆಡಲ್ ಮಡಚಿ ಬಿಚ್ಚುವಂಥದ್ದಾದರೆ, ಹಿಂದೆ ಕೂತವರು ಕೂತಲ್ಲಿಂದಲೇ ಕಾಲಿನಿಂದ ಅದನ್ನು ಬಿಚ್ಚಲು ಸಾಧ್ಯವೇ ನೋಡಿ. ಮೊಣಕಾಲು ನೋವಿರುವ ಹಿರಿಯರಿಗೆ ಪೆಡಲ್ ತೀರಾ ಮೇಲಿದ್ದರೆ ಮಂಡಿ ಮಡಚಿಕೊಂಡು ಕೂರಬೇಕಾಗುತ್ತದೆ. ಅವರು ಐದು ನಿಮಿಷ ಕೂತೇ ಹೇಳಬೇಕು, ನೀವು ಅವರ ಪರವಾಗಿ ಹೇಳಬಾರದು.

ಒಂದೇ ಬದಿಗೆ ಕಾಲು ಹಾಕಿ ಕೂರುವವರ ಬಗ್ಗೆ ಕಂಪನಿಗಳು ಈಚೆಗೆ ಮಾತೇ ಆಡುವುದಿಲ್ಲ. ಎರಡೂ ಬದಿಗೆ ಕಾಲು ಹಾಕಿ ಕೂರುವುದೇ ಸುರಕ್ಷಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೀರೆಯುಟ್ಟ ಲಕ್ಷಾಂತರ ಹೆಂಗಸರು ಈಗಲೂ ಎಡಕ್ಕೆ ತಿರುಗಿಯೇ ಕೂರುತ್ತಾರೆ. ಅವರಿಗೆ ಸೀಟಿನ ಉದ್ದಕ್ಕಿಂತ ಅಗಲ ಬೇಕು, ಅಂಚು ಇಳಿಜಾರಾಗಿರಬಾರದು. ಎಡ ಪೆಡಲ್ ಮೇಲೆ ಪಾದ ಪೂರ್ತಿ ಊರಬೇಕು. ಕಿಕ್ ಲಿವರ್ ಎಡಬದಿಯಲ್ಲೇ ಇರುವುದರಿಂದ ಅದು ಪಾದಕ್ಕೆ ತಾಗುತ್ತದೆಯೇ ನೋಡಿ. ಹಿಂದಿನ ಹಿಡಿಕೆ ಬಲಗೈಗೋ ಎಡಗೈಗೋ, ಯಾವುದಾದರೂ ಒಂದಕ್ಕೆ ತಿರುಚಿಕೊಳ್ಳದೆ ಸಿಗಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲಿ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಪೆಡಲ್, ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಲೇಬೇಕೆಂದಿದೆ. ಸ್ಕೂಟರಿನಲ್ಲಿ ಎಡಕ್ಕೆ ಬೆಲ್ಟಿನ ಡಬ್ಬಿ, ಬಲಕ್ಕೆ ಸೈಲೆನ್ಸರ್ ಇರುವುದರಿಂದ ಚಕ್ರ ಬಹುಪಾಲು ಮುಚ್ಚಿರುತ್ತದೆ. ಆದರೂ ಸೀಟಿನ ಕೆಳಗೆ, ಶಾಕ್ ಅಬ್ಸಾರ್ಬರ್ ಪಕ್ಕದ ಸಂದಿಯನ್ನೊಮ್ಮೆ ಬಗ್ಗಿ ನೋಡಿ. ಸೆರಗೂ ದುಪಟ್ಟಾವೂ ಹೋಗುವುದು ಅಲ್ಲಿಗೆ.

ಸೀಟೆತ್ತಿ ಡಿಕ್ಕಿಯನ್ನೂ ನೋಡಿ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅಂದಿನಿಂದ ಎರಡು ಹೆಲ್ಮೆಟ್‌ಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಜೀವಂತವಾಗಿದೆ. ಜುಪಿಟರ್ 125ರಲ್ಲಿ ಪೆಟ್ರೋಲ್ ಟ್ಯಾಂಕನ್ನು ಕಾಲಿಡುವ ಹಲಗೆಯ ಕೆಳಗೆ ಇಳಿಸಿ, ಸೀಟಿನಡಿ 33 ಲೀಟರ್ ಜಾಗ ಮಾಡಿದ್ದಾರೆ. ರಿಜ್ಟಾದಲ್ಲಿ ಸೀಟಿನಡಿ 34 ಲೀಟರ್. ಲೀಟರ್ ಸಂಖ್ಯೆಯನ್ನು ಮಾತ್ರ ನಂಬಬೇಡಿ, ನಿಮ್ಮ ಎರಡೂ ಹೆಲ್ಮೆಟ್ ಹಾಕಿ ಸೀಟು ಮುಚ್ಚಿ ನೋಡಿ. ಹಿಡಿಯದಿದ್ದರೆ ಸಿನಿಮಾ ನೋಡುವಾಗಲೂ ಒಂದು ಹೆಲ್ಮೆಟ್ ಮಡಿಲಲ್ಲೇ ಇರುತ್ತದೆ.

ಹೆಜ್ಜೆ 4: ಹಿಂದಿನ ಚಕ್ರ ಮತ್ತು ಸ್ಪ್ರಿಂಗ್

ಹಿಂದೆ ಕೂತವರ ತೂಕ ಹೆಚ್ಚುಕಡಿಮೆ ನೇರವಾಗಿ ಹಿಂದಿನ ಚಕ್ರದ ಮೇಲೆ ಇಳಿಯುತ್ತದೆ. ಮುಂದಿನವರಿಗೆ ತಾಗದ ಗುಂಡಿಯೂ ಅವರಿಗೆ ತಾಗುವುದು ಇದಕ್ಕೇ. ಜೊತೆಗೆ ಪೆಟ್ರೋಲ್ ಸ್ಕೂಟರಿನಲ್ಲೊಂದು ಹುಟ್ಟು ಗುಣವಿದೆ: ಎಂಜಿನ್, ಬೆಲ್ಟಿನ ಡಬ್ಬಿ, ಚಕ್ರ ಮೂರೂ ಸೇರಿ ಒಂದೇ ತುಂಡಾಗಿ ಮೇಲೆ ಕೆಳಗೆ ಆಡುತ್ತವೆ. ಬೈಕಿನಲ್ಲಿ ಎಂಜಿನ್ ಚಾಸಿಗೆ ಕೂತಿರುತ್ತದೆ, ಆಡುವುದು ಚಕ್ರ ಮತ್ತು ಅದರ ತೋಳು ಮಾತ್ರ. ಇಷ್ಟೊಂದು ಭಾರ ಚಕ್ರದ ಜೊತೆಗೇ ನೆಗೆದಾಗ ಒಂದು ಶಾಕ್ ಅಬ್ಸಾರ್ಬರ್‌ಗೆ ಅದನ್ನು ಹಿಡಿದು ನಿಲ್ಲಿಸುವುದು ಕಷ್ಟ. ಹೆಚ್ಚಿನ ಸ್ಕೂಟರ್‌ಗಳಲ್ಲಿ ಇರುವುದೂ ಒಂದೇ.

ಚಕ್ರದ ಅಂಗುಲದ ಬಗ್ಗೆ ಷೋರೂಮಿನಲ್ಲಿ ಬಹಳ ಮಾತು ಕೇಳಿಬರುತ್ತದೆ. ಆಕ್ಸೆಸ್ ಮತ್ತು ಆಕ್ಟಿವಾ 125ರಲ್ಲಿ ಮುಂದೆ 12, ಹಿಂದೆ 10 ಅಂಗುಲದ ಚಕ್ರ. ಜುಪಿಟರ್ 125 ಮತ್ತು ಎನ್‌ಟಾರ್ಕ್‌ನಲ್ಲಿ ಎರಡೂ 12. ಬರ್ಗ್‌ಮನ್ ಮೊದಲು 10 ಅಂಗುಲದ ಹಿಂದಿನ ಚಕ್ರದೊಂದಿಗೆ ಬಂತು, ಇಎಕ್ಸ್ ಮಾದರಿಯಲ್ಲಿ 12 ಆಯಿತು. ಎರಡು ಅಂಗುಲವೆಂದರೆ ಐದು ಸೆಂಟಿಮೀಟರ್ ದೊಡ್ಡ ಚಕ್ರ ಎಂದುಕೊಳ್ಳುತ್ತೇವೆ. ಟೈರಿನ ಮೇಲಿನ ಅಂಕಿ ಓದಿದರೆ ಬೇರೆಯೇ ಚಿತ್ರ. ಮೊದಲ ಅಂಕಿ ಟೈರಿನ ಅಗಲ (ಮಿಲಿಮೀಟರ್), ಎರಡನೆಯದು ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟೆಂಬುದು, ಕೊನೆಯದು ರಿಮ್ಮಿನ ಅಂಗುಲ. 90/100–10 ಟೈರಿನಲ್ಲಿ ರಬ್ಬರಿನ ಗೋಡೆಯ ಎತ್ತರ 90 ಮಿಲಿಮೀಟರ್, ಹೊರ ವ್ಯಾಸ ಸುಮಾರು 434 ಮಿಲಿಮೀಟರ್. 90/90–12ರಲ್ಲಿ ಗೋಡೆ 81, ಹೊರ ವ್ಯಾಸ ಸುಮಾರು 467. ನಿಜವಾದ ವ್ಯತ್ಯಾಸ 33 ಮಿಲಿಮೀಟರ್, ಅದರಲ್ಲೂ 10 ಅಂಗುಲದ್ದಕ್ಕೆ ಮೆತ್ತನೆಯ ಗೋಡೆ ತುಸು ಹೆಚ್ಚೇ ಇದೆ. ಹನ್ನೆರಡು ಅಂಗುಲ ಒಳ್ಳೆಯದು, ಗುಂಡಿಗೆ ಕಡಿಮೆ ಇಳಿಯುತ್ತದೆ, ಹೆದ್ದಾರಿಯಲ್ಲಿ ತುಸು ಸ್ಥಿರ. ಆದರೆ ಅದೊಂದೇ ಕಾರಣಕ್ಕೆ ಸೀಟು ಚೆನ್ನಾಗಿರುವ ಗಾಡಿಯನ್ನು ಬಿಡಬೇಕಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ಕೇಳಬೇಕಾದ ಪ್ರಶ್ನೆ ಹಿಂದಿನ ಸ್ಪ್ರಿಂಗನ್ನು ಬಿಗಿಮಾಡುವ ಸೌಲಭ್ಯ ಇದೆಯೇ ಎಂಬುದು. ಜುಪಿಟರ್ 125 ಮತ್ತು ಆಕ್ಟಿವಾ 125ರಲ್ಲಿ ಮೂರು ಹಂತಗಳಿವೆ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲಿನ ಹಾಗೆ ಕಚ್ಚುಗಳಿರುವ ಒಂದು ಉಂಗುರ ಇರುತ್ತದೆ, ಅದನ್ನು ವಿಶೇಷ ಸ್ಪ್ಯಾನರಿನಿಂದ ತಿರುಗಿಸಬೇಕು. ಒಬ್ಬರೇ ಓಡಾಡುವಾಗ ಕೆಳಗಿನ ಹಂತ, ಇಬ್ಬರಿದ್ದಾಗ ಮೇಲಿನದು. ಇದು ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ. ಹೊರೆ ಬಿದ್ದಾಗ ಗಾಡಿ ಹಿಂದಕ್ಕೆ ಕುಸಿದು ಕೂರದಂತೆ ನೋಡಿಕೊಳ್ಳುತ್ತದೆ. ಕುಸಿದು ಕೂತ ಸ್ಪ್ರಿಂಗಿಗೆ ಮುಂದಿನ ಉಬ್ಬಿನಲ್ಲಿ ಇಳಿಯಲು ಜಾಗವೇ ಉಳಿದಿರುವುದಿಲ್ಲ, ಆಗ ಬರುವುದೇ ಆ ‘ಧಡ್’ ಎಂಬ ಪೆಟ್ಟು.

ಹೆಜ್ಜೆ 5: ಬ್ರೇಕು, ಅದರಲ್ಲೂ ಇಳಿಜಾರಿನಲ್ಲಿ

ಮುಂದೆ ಡಿಸ್ಕ್ ಇರುವ ಮಾದರಿಯನ್ನೇ ಕೊಳ್ಳಿ. ಇಬ್ಬರ ಓಡಾಟಕ್ಕೆ ಡ್ರಮ್ ಮಾದರಿ ಕೊಂಡು ಉಳಿಸುವ ಕೆಲವು ಸಾವಿರ ನನಗೆ ಉಳಿತಾಯವಾಗಿ ಕಾಣುವುದಿಲ್ಲ. 125 ಸಿಸಿವರೆಗಿನ ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಬಿಎಸ್: ಎಡ ಲಿವರ್ ಒತ್ತಿದರೆ ಹಿಂದಿನ ಬ್ರೇಕಿನ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. 125 ಸಿಸಿಗಿಂತ ಮೇಲಿನವಕ್ಕೆ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗಲೂ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಹಿಂದೆ ಭಾರವಿದ್ದಾಗ ಹಿಂದಿನ ಟೈರಿಗೆ ಹಿಡಿತ ಹೆಚ್ಚುವುದರಿಂದ ಎಡ ಲಿವರ್ ಒಬ್ಬರೇ ಇದ್ದಾಗಿನದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಎರಡೂ ಲಿವರ್ ಒಟ್ಟಿಗೆ ಬಳಸುವ ಅಭ್ಯಾಸ ಇರಲಿ.

ಘಟ್ಟ ಇಳಿಯುವವರಿಗೆ ಒಂದು ಮಾತು. ಬೈಕಿನಲ್ಲಿ ಎರಡನೇ ಗೇರಿಗೆ ಹಾಕಿ ಇಳಿಯಬಹುದು. ಸ್ಕೂಟರಿನಲ್ಲಿ ಗೇರಿಲ್ಲ. ಅದರ ಕ್ಲಚ್ ತಿರುಗುವ ವೇಗದಿಂದ ತಾನೇ ಹಿಡಿದುಕೊಳ್ಳುವಂಥದ್ದು. ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ಇಳಿದಾಗ ಕ್ಲಚ್ ಬಿಟ್ಟುಕೊಂಡು ಗಾಡಿ ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ 245 ಕೆಜಿಯನ್ನು ತಡೆಯುವ ಪೂರ್ತಿ ಹೊಣೆ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಕಾದರೆ ಲಿವರ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಲಿವರನ್ನು ಸದಾ ಅರ್ಧ ಒತ್ತಿಕೊಂಡು ಇಳಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಡಿ, ಬ್ರೇಕು ತಣಿಯಲಿ. ಕ್ಲಚ್ ಬಿಟ್ಟುಕೊಂಡಿತು ಎನಿಸಿದರೆ ಆಕ್ಸಿಲರೇಟರನ್ನು ಒಂದು ಎಳೆಯಷ್ಟು ತಿರುಗಿಸಿ. ಅದು ಮತ್ತೆ ಹಿಡಿದು ಎಂಜಿನ್ನಿನ ತಡೆ ಸ್ವಲ್ಪ ಸಿಗುತ್ತದೆ. ಚಾರ್ಮಾಡಿ, ಆಗುಂಬೆಗಳನ್ನು ಮಳೆಗಾಲದಲ್ಲಿ ಪದೇ ಪದೇ ಇಳಿಯುವವರು ನೀವಾದರೆ, ನಿಜ ಹೇಳಬೇಕೆಂದರೆ ನಿಮಗೆ ಬೇಕಿರುವುದು ಗೇರಿರುವ ಬೈಕು.

ಹೆಜ್ಜೆ 6: ಎಂಜಿನ್, ಬೇಗ ಮುಗಿಸೋಣ

125 ಸಿಸಿ ಸ್ಕೂಟರ್‌ಗಳ ಶಕ್ತಿ ಹೆಚ್ಚುಕಡಿಮೆ 8ರಿಂದ 10 ಪಿಎಸ್ (ಅಶ್ವಶಕ್ತಿಯ ಅಳತೆ) ನಡುವೆ, ಟಾರ್ಕ್, ಅಂದರೆ ತಿರುಗಿಸುವ ಬಲ, 10 ಎನ್‌ಎಂ ಆಸುಪಾಸು. ಕಾಗದದ ಮೇಲಿನ ಅರ್ಧ ಪಿಎಸ್ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. 110 ಸಿಸಿ ಸಮತಟ್ಟಿನ ಊರಲ್ಲಿ ಸಾಕು, ಏರಿನಲ್ಲಿ ಇಬ್ಬರನ್ನು ಹೊತ್ತಾಗ ಏದುಸಿರು ಬಿಡುತ್ತದೆ.

‘ಇಬ್ಬರಿಗಾದರೆ 160 ಸಿಸಿ ಕೊಳ್ಳಿ’ ಎಂಬ ಸಲಹೆ ಹೆಚ್ಚಾಗಿ ಹಿಂದೆ ಕೂತು ನೋಡದವರಿಂದ ಬರುತ್ತದೆ. ಯಮಹಾ ಏರಾಕ್ಸ್ 155ರ ಎಂಜಿನ್ ಸೊಗಸಾದದ್ದು, 14 ಅಂಗುಲದ ಚಕ್ರ, ಎಬಿಎಸ್ ಎಲ್ಲವೂ ಇದೆ. ಆದರೆ ಕಾಲಿಡುವ ಜಾಗದ ನಡುವೆ ದಿಣ್ಣೆ, ಹಿಂದಿನ ಸೀಟು ಮೆಟ್ಟಿಲಿನಂತೆ ಎತ್ತರದಲ್ಲಿ, ಗಾಡಿಯ ತೂಕ 126 ಕೆಜಿ. ಹೀರೊ ಝೂಮ್ 160 ಇನ್ನೂ ಭಾರ, 142 ಕೆಜಿ. ಇವು ಓಡಿಸುವವರ ಗಾಡಿಗಳು. ಸೀರೆಯುಟ್ಟ ಅತ್ತೆಯನ್ನು ಕೂರಿಸಿಕೊಂಡು ಮಾರುಕಟ್ಟೆಗೆ ಹೋಗಲು ಹುಟ್ಟಿದವಲ್ಲ.

ನನ್ನ ಆಯ್ಕೆ ಕೇಳಿದರೆ: ಹಗುರವಾಗಿ ಎಳೆಯುವ, ಅಗಲ ಸಪಾಟು ಸೀಟಿನ ಗಾಡಿ ಬೇಕಾದವರು ಆಕ್ಸೆಸ್‌ನಿಂದ ನೋಡುವುದನ್ನು ಆರಂಭಿಸಲಿ. ಎರಡು ಹೆಲ್ಮೆಟ್, ಮೆತ್ತನೆಯ ಸವಾರಿ, ಹಿಂದೆಯೂ 12 ಅಂಗುಲ ಬೇಕೆಂದವರು ಜುಪಿಟರ್ 125ರಿಂದ. ಎನ್‌ಟಾರ್ಕ್ ಓಡಿಸಲು ಖುಷಿ, ಹಿಂದೆ ಕೂರಲು ಸಾಧಾರಣ. ಬರ್ಗ್‌ಮನ್‌ನಲ್ಲಿ ಇಬ್ಬರಿಗೂ ಜಾಗ ಧಾರಾಳ, ಇಕ್ಕಟ್ಟಿನ ಗಲ್ಲಿಯಲ್ಲಿ ಗಾತ್ರ ತುಸು ಹೆಚ್ಚೆನಿಸುತ್ತದೆ.

ಹೆಜ್ಜೆ 7: ವಿದ್ಯುತ್ ಸ್ಕೂಟರ್ ಆದರೆ

ನಿಂತಲ್ಲಿಂದ ಹೊರಡುವ ಸೆಳೆತ ಇಬ್ಬರಿದ್ದಾಗ ವಿದ್ಯುತ್ ಸ್ಕೂಟರಿನಲ್ಲೇ ಚೆನ್ನ. ಮೋಟಾರ್ ಎಲ್ಲಿದೆ ಎಂದು ಕೇಳಿ. ಐಕ್ಯೂಬ್‌ನಲ್ಲಿ ಅದು ಹಿಂದಿನ ಚಕ್ರದೊಳಗೇ ಇದೆ, ಅಂದರೆ ಚಕ್ರದ ಭಾರ ಹೆಚ್ಚು. ರಿಜ್ಟಾದಲ್ಲಿ ಮೋಟಾರ್ ಚಾಸಿಯಲ್ಲಿದ್ದು ಬೆಲ್ಟಿನ ಮೂಲಕ ಚಕ್ರ ತಿರುಗಿಸುತ್ತದೆ. ಮೇಲೆ ಹೇಳಿದ ಸ್ಪ್ರಿಂಗಿನ ತರ್ಕ ಇಲ್ಲೂ ಅನ್ವಯ. ಒಂದು ಚಾರ್ಜಿಗೆ ಇಷ್ಟು ಎಂದು ಕಂಪನಿ ಹೇಳುವ ದೂರ ಒಬ್ಬರ ಲೆಕ್ಕದ್ದು. ಇಬ್ಬರಿಗೆ ಅದರ ಮೂರನೇ ಎರಡು ಪಾಲು ಎಂದು ಎಣಿಸಿ ಪ್ರಯಾಣ ಯೋಜಿಸಿದರೆ ದಾರಿಯಲ್ಲಿ ನಿಲ್ಲುವ ಭಯವಿಲ್ಲ. ಇಳಿಜಾರಿನಲ್ಲಿ ಮೋಟಾರೇ ತಡೆದು ಬ್ಯಾಟರಿಗೆ ವಿದ್ಯುತ್ ಮರಳಿಸುವುದು ದೊಡ್ಡ ಅನುಕೂಲ. ಆದರೆ ಬೆಟ್ಟದ ಮೇಲೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಇಳಿದರೆ ಆ ವಿದ್ಯುತ್ತಿಗೆ ಹೋಗಲು ಜಾಗವಿರುವುದಿಲ್ಲ, ತಡೆಯೂ ಕಡಿಮೆಯಾಗುತ್ತದೆ. ಮಡಿಕೇರಿಯವರು ಬೆಳಿಗ್ಗೆ ಹೊರಡುವ ಮುನ್ನ ಇದನ್ನು ಗಮನಿಸಬೇಕು.

ಹೆಜ್ಜೆ 8: ಇಬ್ಬರೂ ಕೂತು ಟೆಸ್ಟ್ ರೈಡ್

ಷೋರೂಮಿನವರು ತಮ್ಮ ಹುಡುಗನೊಬ್ಬನನ್ನು ಹಿಂದೆ ಕೂರಿಸಿ ಕಳುಹಿಸುವುದುಂಟು. ವಿನಯದಿಂದ ಬೇಡವೆನ್ನಿ, ನಿಮ್ಮವರನ್ನೇ ಕೂರಿಸಿಕೊಳ್ಳಿ. ಹೊರಡುವ ಮುನ್ನ ಟೈರಿನ ಗಾಳಿ ನೋಡಿಸಿ. ಹಲವು 125 ಸಿಸಿ ಸ್ಕೂಟರ್‌ಗಳ ಕೈಪಿಡಿಯಲ್ಲಿ ಹಿಂದಿನ ಟೈರಿಗೆ ಒಬ್ಬರಿದ್ದಾಗ 29, ಇಬ್ಬರಿದ್ದಾಗ 36 ಪಿಎಸ್‌ಐ ಎಂದಿರುತ್ತದೆ. ಪ್ರದರ್ಶನದ ಗಾಡಿಯಲ್ಲಿ 20 ಇದ್ದರೆ ಸವಾರಿ ಮೆತ್ತಗೆ ಅನ್ನಿಸಿ ಮೋಸವಾಗುತ್ತದೆ, 45 ಇದ್ದರೆ ಒಳ್ಳೆಯ ಗಾಡಿಗೂ ಕೆಟ್ಟ ಹೆಸರು.

ಮಾರ್ಗ ನೀವೇ ಆರಿಸಿ. ಒಂದು ಕೆಟ್ಟ ಉಬ್ಬು ಬೇಕು, ಅದನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ದಾಟಿ. ಅಡಿಯಲ್ಲಿ ಸ್ಟ್ಯಾಂಡ್ ಕೆರೆದರೆ ಆ ಗಾಡಿ ಇಬ್ಬರಿಗೆ ಕೂಡದು ಅಥವಾ ಸ್ಪ್ರಿಂಗ್ ಬಿಗಿಮಾಡಿ ಮತ್ತೊಮ್ಮೆ ನೋಡಬೇಕು. ಒಂದು ಏರು ಬೇಕು. ಮೈಸೂರಿನವರಿಗೆ ಚಾಮುಂಡಿ ಬೆಟ್ಟ, ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇದೆ. ಬೆಂಗಳೂರಿನ ಷೋರೂಮಿನಿಂದ ಹೊರಟವರಿಗೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರು ಸಾಕು. ಏರಿನ ನಡುವೆ ಪೂರ್ತಿ ನಿಲ್ಲಿಸಿ, ಬ್ರೇಕ್ ಹಿಡಿದು, ಮತ್ತೆ ಹೊರಡಿ. ಗಾಡಿ ಹಿಂದಕ್ಕೆ ಜಾರದೆ, ನಡುಗದೆ ಮೇಲೇರಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ 40ರ ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಾಕಿ, ಹಿಂದಿನವರಿಗೆ ಮೊದಲೇ ಹೇಳಿ. ಇಕ್ಕಟ್ಟಾದ ರಸ್ತೆಯಲ್ಲಿ ಪೂರ್ತಿ ತಿರುಗಿಸಿ. ಕಾಲೂರದೆ ತಿರುಗಲು ಆಗಬೇಕು.

ಮರಳಿ ಬಂದ ಮೇಲೆ ಮೊದಲು ಮಾತಾಡಬೇಕಾದವರು ಹಿಂದೆ ಕೂತಿದ್ದವರು. ಎಲ್ಲಿ ಹೆದರಿಕೆಯಾಯಿತು, ಎಲ್ಲಿ ನೋವಾಯಿತು, ಕೈಗೆ ಏನು ಸಿಕ್ಕಿತು ಎಂದು ಕೇಳಿ. ‘ಪರವಾಗಿಲ್ಲ’ ಎಂಬ ಉತ್ತರ ಬಂದರೆ ಇನ್ನೊಂದು ಗಾಡಿಯಲ್ಲಿ ಕೂರಿಸಿ ಮತ್ತೆ ಕೇಳಿ. ಹೋಲಿಸಲು ಎರಡನೆಯದು ಸಿಕ್ಕಾಗ ‘ಪರವಾಗಿಲ್ಲ’ದ ಅರ್ಥ ಬಿಚ್ಚಿಕೊಳ್ಳುತ್ತದೆ.

ಹೆಜ್ಜೆ 9: ಬೆಲೆ ಮತ್ತು ವಿಮೆ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಬೆಲೆಪಟ್ಟಿ ತೋರಿಸಿದರೆ ಒಪ್ಪಬೇಡಿ. ನಮ್ಮ ರಾಜ್ಯದಲ್ಲಿ ಗಾಡಿಯ ಬೆಲೆ ಏರಿದಂತೆ ಜೀವಾವಧಿ ತೆರಿಗೆಯ ದರವೂ ಏರುವುದರಿಂದ, ಡ್ರಮ್ ಮತ್ತು ಡಿಸ್ಕ್ ಮಾದರಿಗಳ ಆನ್‌ರೋಡ್ ಬೆಲೆಯನ್ನು ಬರೆಸಿಕೊಂಡು ಹೋಲಿಸಿ.

ವಿಮೆಯ ಕಾಗದವನ್ನು ಬಹುತೇಕ ಯಾರೂ ಓದುವುದಿಲ್ಲ. ಹಿಂದೆ ಕೂರುವವರಿಗೆ ಸಂಬಂಧಿಸಿದ ಅತಿ ಮುಖ್ಯ ಸಂಗತಿ ಅಲ್ಲೇ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕೊಳ್ಳಲೇಬೇಕು. ಗಾಡಿಯ ಸ್ವಂತ ಹಾನಿಯ ವಿಮೆ ಸಾಮಾನ್ಯವಾಗಿ ಒಂದು ವರ್ಷದ್ದು. ಎರಡನೇ ವರ್ಷ ಅದನ್ನು ನವೀಕರಿಸದೆ ‘ಥರ್ಡ್ ಪಾರ್ಟಿ ಇದೆಯಲ್ಲ’ ಎಂದು ಸುಮ್ಮನಾಗುವವರು ಬಹಳ. ಆದರೆ ಕಾಯ್ದೆಯ ಕನಿಷ್ಠ ಅಗತ್ಯಕ್ಕೆಂದು ಮಾಡಿಸಿದ ಪಾಲಿಸಿ ಸ್ಕೂಟರಿನ ಹಿಂಬದಿ ಸವಾರರನ್ನು ಒಳಗೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಥರ್ಡ್ ಪಾರ್ಟಿಯ ಜೊತೆ ಸ್ವಂತ ಹಾನಿಯೂ ಸೇರಿದ ಸಮಗ್ರ ಪಾಲಿಸಿಯಲ್ಲಿ ಅವರಿಗೆ ರಕ್ಷಣೆ ಇರುತ್ತದೆ. ಹಾಗಾಗಿ ಪ್ರತಿ ವರ್ಷ ಸಮಗ್ರ ವಿಮೆಯನ್ನು ಮುಂದುವರಿಸಿ. ಹಿಂಬದಿ ಸವಾರರ ವೈಯಕ್ತಿಕ ಅಪಘಾತ ವಿಮೆಯನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಿ. ಕಡ್ಡಾಯವಾಗಿ ಬರುವ 15 ಲಕ್ಷದ ಅಪಘಾತ ವಿಮೆ ಓಡಿಸುವ ಮಾಲೀಕರದ್ದು ಮಾತ್ರ.

ಹೆಜ್ಜೆ 10: ಗಾಡಿ ಮನೆಗೆ ಬಂದ ಮೇಲೆ

ಸ್ಪ್ರಿಂಗಿನ ಹಂತವನ್ನು ಷೋರೂಮಿನಲ್ಲೇ ಇಬ್ಬರ ಲೆಕ್ಕಕ್ಕೆ ಹಾಕಿಸಿ. ಹಿಂದೆ ಒಬ್ಬರು ಕೂತಾಗ ಗಾಡಿಯ ಮೂತಿ ಮೇಲೇಳುವುದರಿಂದ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇಬ್ಬರೂ ಕೂತು ಗೋಡೆಗೆ ಬೆಳಕು ಬಿಟ್ಟು ತುಸು ಕೆಳಗಿಳಿಸಿಕೊಳ್ಳಿ. ಕನ್ನಡಿಗಳನ್ನೂ ಹಾಗೆಯೇ ಹೊಂದಿಸಿ, ಹಿಂದಿನವರ ಭುಜವಷ್ಟೇ ಕಾಣುವ ಕನ್ನಡಿಯಿಂದ ಉಪಯೋಗವಿಲ್ಲ. ಹಿಂದೆ ದೊಡ್ಡ ಪೆಟ್ಟಿಗೆ ಕಟ್ಟಿಸುವ ಯೋಚನೆಯಿದ್ದರೆ ಬಿಡಿ. ಚಕ್ರದ ಹಿಂದೆ ನೇತಾಡುವ ಭಾರ ಮುಂದಿನ ಚಕ್ರದ ಹಿಡಿತವನ್ನು ಕದಿಯುತ್ತದೆ. ಅದೇ ಸಾಮಾನು ಕಾಲ ಬಳಿಯ ಹಲಗೆಯ ಮೇಲಿದ್ದರೆ ತೊಂದರೆಯಿಲ್ಲ.

ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ, ಏರಿನಲ್ಲಿ ಇಬ್ಬರೂ ಕೂತು ಹೊರಡುವಾಗ ಗಾಡಿ ನಡುಗತೊಡಗಿದರೆ ಅದು ಹೆಚ್ಚಾಗಿ ಕ್ಲಚ್ಚಿನಲ್ಲಿ ಸೇರಿದ ಧೂಳು ಅಥವಾ ಸವೆದ ಪ್ಯಾಡು. ಸರ್ವಿಸ್‌ಗೆ ಬಿಟ್ಟಾಗ ಇದನ್ನು ಬಿಡಿಸಿ ಹೇಳಿ, ಬೆಲ್ಟನ್ನೂ ನೋಡಲು ಹೇಳಿ. ಮೆಕ್ಯಾನಿಕ್ ಒಬ್ಬನೇ ಒಂದು ಸುತ್ತು ಹೋಗಿ ಬಂದು ‘ಏನೂ ಇಲ್ಲ ಸಾರ್, ಸರಿಯಾಗಿದೆ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಒಬ್ಬರೇ ಇದ್ದಾಗ ಆ ನಡುಕ ಬರುವುದಿಲ್ಲ. ಹ್ಯಾಂಡಲ್ ಅವನ ಕೈಗೆ ಕೊಟ್ಟು ನೀವು ಹಿಂದೆ ಕೂತು, ಹತ್ತಿರದ ಏರಿಗೆ ಕರೆದುಕೊಂಡು ಹೋಗಿ.